ಪೆಟ್ರೋಲಿಗೆ ಯಾರ ದುಡ್ಡು?

ಮಾನ್ಯ ಸಂಪಾದಕರೇ,

ಸಹಾಯಾರ್ಥ ಕಾರು ರ‍್ಯಾಲಿಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರ ಪತ್ರ ನೋಡಿದೆ. ದಾನ ಮಾಡುವವರು ಸುಮ್ನೆ ದುಡ್ಡು ಕೊಟ್ಟು ಮನೆಯಲ್ಲಿ ಕೂರಬಹುದಲ್ವಾ, ಅದಕ್ಕೆ ಸಾಲುಗಟ್ಟಿ ಕಾರು ಓಡಿಸಿ, ಹಾರ್ನ್ ಹೊಡೆದು, ದಾರಿಯುದ್ದಕ್ಕೂ ಹೊಗೆ ಬಿಟ್ಟು ಹೋಗಬೇಕಾ ಅಂತ ಅವರು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಎಲ್ಲ ರ‍್ಯಾಲಿಗಳನ್ನೂ ಒಂದೇ ತಕ್ಕಡಿಗೆ ಹಾಕಿದ್ದು ನನಗೆ ಸರಿ ಕಾಣಲಿಲ್ಲ. ನಾನು ಗದಗಿನವಳು, ಈಗ ಇರುವುದು ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ. ಗಂಡ, ಮೈದುನ, ಆಗ ಊರಿಂದ ಬಂದಿದ್ದ ನಮ್ಮ ಮಾವ, ಜೊತೆಗೆ ಪಕ್ಕದ ಬೀದಿಯ ಗೆಳೆಯರು, ಎಲ್ಲರೂ ಸೇರಿ ಇಂಥದ್ದೊಂದು ರ‍್ಯಾಲಿಗೆ ಹೋಗಿ ಬಂದಿದ್ದೇವೆ. ಒಳಗಿನಿಂದ ನೋಡಿದವಳಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಾವು ಹೋಗಿದ್ದು ವೆರೈಟಿ ಬ್ಯಾಷ್ ಎಂಬುದಕ್ಕೆ. ಇದನ್ನು 1985ರಲ್ಲಿ ಶುರು ಮಾಡಿದವರು ಡಿಕ್ ಸ್ಮಿತ್ ಎಂಬ ಉದ್ಯಮಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಹೆಸರು ಮಾಡಿದವರು, ಒಬ್ಬರೇ ಹೆಲಿಕಾಪ್ಟರಿನಲ್ಲಿ ಭೂಮಿ ಸುತ್ತಿ ಬಂದವರು, ಕೂತಲ್ಲಿ ಕೂರುವ ಪೈಕಿಯೇ ಅಲ್ಲ. ಗೆಳೆಯರನ್ನು ಕೂಡಿಸಿಕೊಂಡು ಹಳೇ ಕಾರುಗಳಲ್ಲಿ ನ್ಯೂ ಸೌತ್ ವೇಲ್ಸ್‌ನ ಬರ್ಕ್ ಎಂಬ ಊರಿಂದ ಉತ್ತರದ ತುದಿಯ ಕಾರ್ಪೆಂಟೇರಿಯಾ ಕೊಲ್ಲಿಯ ಹತ್ತಿರವಿರುವ ಬರ್ಕ್‌ಟೌನ್‌ವರೆಗೆ ಹೋದರು. ಹಾಗೆ ಬಂದ ದುಡ್ಡು ವೆರೈಟಿ ಎಂಬ ಮಕ್ಕಳ ಸಂಸ್ಥೆಗೆ ಹೋಯಿತು. ಈಗ ಬೇರೆ ಬೇರೆ ರಾಜ್ಯಗಳವರು ತಮ್ಮದೇ ಬ್ಯಾಷ್ ನಡೆಸುತ್ತಾರೆ, ಪ್ರತಿ ವರ್ಷ ದಾರಿ ಬೇರೆ. ಆ ಸಂಸ್ಥೆಯ ಹುಟ್ಟಿನ ಕಥೆಯೂ ಹೇಳುವಂಥದ್ದೇ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ನಾಟಕ, ಸಿನಿಮಾ ಮಂದಿ ಸೇರಿ ಒಂದು ಕ್ಲಬ್ ಮಾಡಿಕೊಂಡಿದ್ದರು. 1928ರ ಕ್ರಿಸ್‌ಮಸ್‌ನ ಹಿಂದಿನ ದಿನ ಅವರ ಥಿಯೇಟರಿನ ಸೀಟಿನಲ್ಲಿ ಯಾರೋ ಒಂದು ಹಸುಗೂಸನ್ನು ಬಿಟ್ಟು ಹೋಗಿದ್ದರು, ಜೊತೆಗೊಂದು ಚೀಟಿ ಇಟ್ಟು. ಆ ಕೂಸಿನ ಖರ್ಚನ್ನು ಎಲ್ಲರೂ ಹಂಚಿಕೊಂಡರು. ಮಕ್ಕಳ ಕೆಲಸ ಅಲ್ಲಿಂದ ಶುರುವಾಯಿತು. ಆಸ್ಟ್ರೇಲಿಯಾದಲ್ಲಿ ಇವತ್ತು ಅಂಗವೈಕಲ್ಯ ಇರುವ ಮಕ್ಕಳಿಗೆ ಗಾಲಿಕುರ್ಚಿ, ವಿಶೇಷ ಶಾಲೆಗಳಿಗೆ ಸನ್‌ಶೈನ್ ಕೋಚ್ ಎನ್ನುವ ಸಣ್ಣ ಬಸ್ಸು, ಇಂಥದ್ದಕ್ಕೆಲ್ಲ ಅವರಿಂದ ದುಡ್ಡು ಹೋಗುತ್ತದೆ.

ಇದು ರೇಸ್ ಅಲ್ಲ. ಮೊದಲು ಬಂದವನಿಗೆ ಬಹುಮಾನ ಇಲ್ಲ. ನಮ್ಮ ಕಡೆ ಟಿಎಸ್‌ಡಿ (ಸಮಯ, ವೇಗ, ದೂರ) ರ‍್ಯಾಲಿ ಅಂತ ಮಾಡುತ್ತಾರಲ್ಲ, ಹೇಳಿದ ಹೊತ್ತಿಗಿಂತ ತಡವಾದರೂ ದಂಡ, ಬೇಗ ಬಂದರೂ ದಂಡ, ಅಷ್ಟು ಲೆಕ್ಕಾಚಾರವೂ ಇಲ್ಲಿಲ್ಲ. ಕಾರಿಗೆ ಕನಿಷ್ಠ 30 ವರ್ಷ ಆಗಿರಬೇಕು, ನೋಡಿದವರಿಗೆ ನಗು ಬರುವ ಹಾಗೆ ಅಲಂಕಾರ ಮಾಡಿರಬೇಕು. ನಮ್ಮದು ಹಳೇ ಫೋರ್ಡ್ ಫಾಲ್ಕನ್. ಮಾವ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಡ್ರೈವರ್ ಆಗಿ ನಿವೃತ್ತರಾದವರು. ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ ಎತ್ತಿಸಿ ನೋಡಿ, "ನಮ್ಮ ಡಿಪೋದಾಗ ಇಂಥಾ ಗಾಡಿ ಗೇಟಿನೊಳಗ ಬಿಡ್ತಿದ್ದಿಲ್ಲ" ಅಂದರು. ಅಂದವರೇ ಮರುದಿನದಿಂದ ಅದರ ಬೆಲ್ಟು, ರೇಡಿಯೇಟರ್ ಹೋಸು, ಬ್ರೇಕು ಅಂತ ಮೈದುನನ ಬೆನ್ನು ಹತ್ತಿದರು.

ಈಗ ದುಡ್ಡಿನ ವಿಷಯ. ಪತ್ರ ಬರೆದವರ ಅನುಮಾನ ಇರುವುದು ಇಲ್ಲೇ, ನನಗೂ ಮುಖ್ಯ ಇದೇ. ಪ್ರತಿ ಕಾರಿನವರೂ ಇಂತಿಷ್ಟು ಹಣ ಸಂಗ್ರಹಿಸಲೇಬೇಕು, ಇಲ್ಲದಿದ್ದರೆ ಹೊರಡುವ ಹಾಗಿಲ್ಲ. ಪೆಟ್ರೋಲು, ಟೈರು, ರಿಪೇರಿ, ನಮ್ಮ ಊಟ ವಸತಿ, ಇದ್ಯಾವುದೂ ಆ ಹಣದಿಂದ ಅಲ್ಲ. ಅದು ನಮ್ಮ ಜೇಬಿನದು. ಕೊಟ್ಟವರಿಗೆ ರಸೀದಿ ಹೋಗುತ್ತದೆ, ಎರಡು ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ದಾನಕ್ಕೆ ಇಲ್ಲಿ ತೆರಿಗೆ ವಿನಾಯಿತಿ ಇದೆ, ಹಾಗಾಗಿ ಲೆಕ್ಕ ಇಟ್ಟೇ ಇರುತ್ತಾರೆ. ನಮ್ಮ ಪ್ರವಾಸಕ್ಕೆ ಇನ್ನೊಬ್ಬರ ದಾನ ಖರ್ಚಾಗಬಾರದು ಅನ್ನೋದು ಬಹಳ ಸಾದಾ ನಿಯಮ. ಇದೊಂದು ಇದ್ದರೆ ಅರ್ಧ ಅನುಮಾನ ಹೋಗುತ್ತದೆ.

ಸಂಗ್ರಹಿಸೋದು ಹೇಗೆ ಅಂತ ಕೇಳಿ. ಇಲ್ಲಿ ಬನ್ನಿಂಗ್ಸ್ ಅಂತ ದೊಡ್ಡ ಹಾರ್ಡ್‌ವೇರ್ ಅಂಗಡಿಗಳಿವೆ. ವಾರದ ಕೊನೆಯಲ್ಲಿ ಅವುಗಳ ಬಾಗಿಲಲ್ಲಿ ಯಾವುದಾದರೂ ಶಾಲೆಯವರೋ ಸಂಘದವರೋ ಒಲೆ ಹಚ್ಚಿ, ಬ್ರೆಡ್ಡಿನಲ್ಲಿ ಸಾಸೇಜ್ ಇಟ್ಟು ಮಾರಿ ತಮ್ಮ ಕೆಲಸಕ್ಕೆ ದುಡ್ಡು ಮಾಡಿಕೊಳ್ಳಬಹುದು. ನಮ್ಮದು ಮೊಟ್ಟೆಯೂ ಮುಟ್ಟದ ಮನೆ! ಕೊನೆಗೆ ಗೆಳೆಯರು ಸಾಸೇಜ್ ಹಿಡಿದರು, ನಾನು, ಮಾವ ಬೇರೆ ತವಾದಲ್ಲಿ ಈರುಳ್ಳಿ ಹುರಿದೆವು. ಈ ಈರುಳ್ಳಿಯದೂ ಒಂದು ಕಥೆ. 2018ರಲ್ಲಿ ಆ ಅಂಗಡಿಯವರು, ಈರುಳ್ಳಿ ನೆಲಕ್ಕೆ ಬಿದ್ದು ಗಿರಾಕಿಗಳು ಜಾರುತ್ತಾರೆ, ಅದಕ್ಕೆ ಅದನ್ನು ಸಾಸೇಜ್‌ನ ಕೆಳಗೆ ಹಾಕಿ ಅಂತ ಹೇಳಿದ್ದಕ್ಕೆ ದೇಶವೆಲ್ಲ ಅದನ್ನೇ ಚರ್ಚೆ ಮಾಡಿತ್ತು. ಆಮೇಲೆ ಕನ್ನಡದವರೆಲ್ಲ ಸೇರಿ ಒಂದು ಹಾಲ್ ಹಿಡಿದು ದೋಸೆ, ಮಿರ್ಚಿ ಭಜ್ಜಿಯ ಮಧ್ಯಾಹ್ನ ಮಾಡಿದೆವು. ಮಿರ್ಚಿ ಖರ್ಚಾದಷ್ಟು ಬೇರೆ ಯಾವುದೂ ಖರ್ಚಾಗಲಿಲ್ಲ. ಗದಗಿನವಳಾಗಿ ಇಷ್ಟಾದರೂ ಹೇಳಿಕೊಳ್ಳದಿದ್ದರೆ ಹೇಗೆ.

ಸುಮ್ನೆ ದುಡ್ಡು ಕೊಡಬಹುದಲ್ವಾ ಅನ್ನುವವರಿಗೆ ನಾನು ಹೇಳುವುದು ಇಷ್ಟು. ನಾವಿಬ್ಬರೇ ಕೊಟ್ಟಿದ್ದರೆ ನಮ್ಮ ಕೈಯಿಂದ ಬರುತ್ತಿದ್ದುದು ಸಣ್ಣ ಮೊತ್ತ. ಡಬ್ಬಿ ಹಿಡಿದು ಬಾಗಿಲು ತಟ್ಟಿದರೆ ಮುಖ ಕೊಡದವರು, 30 ವರ್ಷ ದಾಟಿದ ಕಾರಿನಲ್ಲಿ ಮರುಭೂಮಿಗೆ ಹೋಗುತ್ತೇವೆ ಅಂದ ಕೂಡಲೇ ನಿಂತು ಮಾತಾಡಿದರು, ನಕ್ಕರು, ಕೊಟ್ಟರು. ಇನ್ನು ಪೆಟ್ರೋಲಿನ ದುಡ್ಡು. ರ‍್ಯಾಲಿ ಇರದಿದ್ದರೆ ಅದು ಮಕ್ಕಳಿಗೆ ಹೋಗುತ್ತಿತ್ತು ಅಂತ ನಾನು ಸುಳ್ಳು ಹೇಳಲಾರೆ, ಅದು ಯಾವುದೋ ಬೀಚಿನ ರಜೆಗೆ ಹೋಗುತ್ತಿತ್ತು. ಹೊಗೆಯ ಮಾತು ನಿಜ, ಹಳೇ ಎಂಜಿನ್ ಹೊಗೆ ಜಾಸ್ತಿಯೇ ಬಿಡುತ್ತದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನಾವು ಹೋದ ಸಲ ದಾರಿಯಲ್ಲಿ ಬರ್ಡ್ಸ್‌ವಿಲ್ ಟ್ರ್ಯಾಕ್ ಇತ್ತು. ಮಾರಿ ಎಂಬ ಹಳ್ಳಿಯಿಂದ ಕ್ವೀನ್ಸ್‌ಲ್ಯಾಂಡಿನ ಬರ್ಡ್ಸ್‌ವಿಲ್‌ಗೆ 517 ಕಿಲೋಮೀಟರ್ ಕಚ್ಚಾ ರಸ್ತೆ, ನಡುವೆ ಪೆಟ್ರೋಲ್ ಸಿಗುವುದು ಮುಂಗೆರಾನಿ ಎಂಬ ಒಂದೇ ಜಾಗದಲ್ಲಿ. ದೂರ ದೊಡ್ಡದಲ್ಲ, ಕಷ್ಟ ರಸ್ತೆಯದು. ಗಾಡಿಗಳು ಓಡಿ ಓಡಿ ರಸ್ತೆಯೆಲ್ಲ ತಗಡಿನ ಶೀಟಿನ ಹಾಗೆ ಅಲೆಅಲೆಯಾಗಿರುತ್ತದೆ, ನಿಧಾನ ಹೋದರೆ ಹಲ್ಲು ಕಟಕಟ, ಜೋರು ಹೋದರೆ ಚಕ್ರ ಹಿಡಿತ ಬಿಡುತ್ತದೆ. ಟೈರಿನ ಗಾಳಿ ಸ್ವಲ್ಪ ಇಳಿಸಿಕೊಂಡು ಹೋಗಬೇಕು. ಕೆಲವು ಕಡೆ ಪುಡಿ ಮಣ್ಣು ಗುಂಡಿಯ ತುಂಬ ತುಂಬಿಕೊಂಡು ಮೇಲೆ ಸಪಾಟಾಗಿ ಕಾಣುತ್ತದೆ, ಇಳಿದ ಮೇಲೇ ಆಳ ಗೊತ್ತಾಗೋದು. ಎದುರಿಂದ ರೋಡ್ ಟ್ರೇನ್ ಬಂದರೆ ಎಡಕ್ಕೆ ಇಳಿದು ನಿಲ್ಲಬೇಕು. ಒಂದು ಲಾರಿಗೆ ಸಾಲಾಗಿ ಟ್ರೇಲರ್ ಜೋಡಿಸಿದ ಗಾಡಿ ಅದು, 53 ಮೀಟರಿಗೂ ಉದ್ದ ಇರಬಹುದು. ಅದು ಎಬ್ಬಿಸಿದ ದೂಳು ಅಡಗುವವರೆಗೆ ಏನೂ ಕಾಣುವುದಿಲ್ಲ. ಸಂಜೆ ಕತ್ತಲಾಗುವ ಮೊದಲೇ ಬಿಡಾರಕ್ಕೆ ಸೇರಲೇಬೇಕು, ಏಕೆಂದರೆ ಕಾಂಗರೂಗಳು ರಸ್ತೆಗೆ ಬರುವುದು ಮುಸ್ಸಂಜೆಗೇ.

ಇಷ್ಟೆಲ್ಲ ಆದರೂ ಭಯ ಅನ್ನಿಸಲಿಲ್ಲ. ಜೊತೆಗೆ ಡಾಕ್ಟರ್ ಇದ್ದರು, ಮೆಕ್ಯಾನಿಕ್‌ಗಳ ಗಾಡಿ ಇತ್ತು, ಕಾರಿಂದ ಕಾರಿಗೆ ಮಾತಾಡಲು ರೇಡಿಯೋ ಇತ್ತು, ಎಲ್ಲರ ಹಿಂದೆ ಯಾರೂ ಉಳಿದಿಲ್ಲ ಅಂತ ನೋಡಿಕೊಂಡು ಬರುವ ಗಾಡಿ ಇತ್ತು.

ಮಾರಿಯಲ್ಲಿ ಮಾವನಿಗೆ ಒಂದು ವಿಷಯ ತಿಳಿದು ಬಹಳ ಹೊತ್ತು ಅಲ್ಲೇ ನಿಂತರು. ಹತ್ತೊಂಬತ್ತನೇ ಶತಮಾನದಲ್ಲಿ ಈ ದಾರಿಯಲ್ಲಿ ಸಾಮಾನು ಸಾಗಿಸಿದ್ದು ಒಂಟೆಗಳು. ಒಂಟೆ ಹೊಡೆದವರು ಅಫ್ಘಾನಿಸ್ತಾನದಿಂದ, ಆಗಿನ ಬ್ರಿಟಿಷ್ ಇಂಡಿಯಾದ ಬಲೂಚಿಸ್ತಾನ, ಪಂಜಾಬ್ ಕಡೆಯಿಂದ ಬಂದವರು. ಇಲ್ಲಿನವರು ಎಲ್ಲರನ್ನೂ ಸೇರಿಸಿ ಅಫ್ಘಾನರು ಅಂದರು. ಅವರು ಕಟ್ಟಿಕೊಂಡಿದ್ದ ಮಸೀದಿಯ ಮಾದರಿ ಈಗಲೂ ಊರಲ್ಲಿದೆ. "ಅಂದ್ರ ಇಲ್ಲಿ ಮೊದಲ ಡ್ರೈವರ್‌ಗಳು ನಮ್ಮ ಕಡೆಯವರ ಆದ್ರಲ್ಲವಾ" ಅಂದರು ಮಾವ. ಬಲೂಚಿಸ್ತಾನ ಗದಗಿನ ಕಡೆ ಹೇಗಾಯಿತೋ ನಾನು ಕೇಳಲಿಲ್ಲ.

ಬ್ಯಾಷ್‌ನಲ್ಲಿ ಇನ್ನೊಂದು ತಮಾಷೆ, ಲಂಚಕ್ಕೆ ಬಹಿರಂಗವಾಗಿಯೇ ಪ್ರೋತ್ಸಾಹ. ಕಾರು ತುಂಬ ಕ್ಲೀನಾಗಿದೆ ಅಂತ ದಂಡ, ಟೋಪಿ ಸರಿ ಇಲ್ಲ ಅಂತ ದಂಡ, ತಪ್ಪಿಸಿಕೊಳ್ಳಬೇಕೆಂದರೆ ಅಧಿಕಾರಿಗೆ ಲಂಚ, ಆ ಲಂಚವೂ ಮಕ್ಕಳ ಡಬ್ಬಿಗೆ. ಮಾವ ನಕ್ಕೂ ನಕ್ಕೂ, "ಇದೇನವಾ, ಇಲ್ಲಿ ಲಂಚದ್ದೂ ಲೆಕ್ಕ ಬರೀತಾರ!" ಅಂದರು.

ನಡುವೆ ಸಿಕ್ಕ ಊರುಗಳೆಂದರೆ ಊರುಗಳೂ ಅಲ್ಲ. ಬರ್ಡ್ಸ್‌ವಿಲ್‌ನಲ್ಲಿ ಇರುವುದು ನೂರರ ಆಸುಪಾಸು ಜನ. ಶಾಲೆ ಅಂದರೆ ಎಲ್ಲ ತರಗತಿಯ ಮಕ್ಕಳೂ ಒಂದೇ ಕೋಣೆಯಲ್ಲಿ. ಅದಕ್ಕೂ ದೂರದ ದನದ ಫಾರಂಗಳ ಮಕ್ಕಳಿಗೆ ಶಾಲೆಯೇ ಇಲ್ಲ, ಅವರು ಕಲಿಯುವುದು ಸ್ಕೂಲ್ ಆಫ್ ದಿ ಏರ್‌ನಲ್ಲಿ. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಿಂದ ರೇಡಿಯೋ ಮೂಲಕ ಶುರುವಾದ ಪಾಠ, ಈಗ ಇಂಟರ್ನೆಟ್ಟಿನಲ್ಲಿ ನಡೆಯುತ್ತದೆ. ನಾವು ನಿಂತ ಕಡೆ ಮಕ್ಕಳು ಕಾರು ಹತ್ತಿ ಹಾರ್ನ್ ಹೊಡೆದರು, ಬ್ಯಾಷ್‌ನವರು ಶಾಲೆಗೆ ಕೊಡಬೇಕಾದ ನೆರವನ್ನು ಎಲ್ಲರ ಎದುರಿಗೇ ಕೊಟ್ಟರು, ಯಾವುದಕ್ಕೆ ಅಂತಲೂ ಹೇಳಿದರು. ರಾತ್ರಿ ಅಡುಗೆ ಮಾಡಿ ಬಡಿಸಿದವರು ಆ ಶಾಲೆಯ ತಂದೆತಾಯಿಗಳೇ, ಅದರ ದುಡ್ಡೂ ಶಾಲೆಗೇ. ಪೆಟ್ರೋಲ್ ಬಂಕಿನವನಿಗೆ, ಬೇಕರಿಯವಳಿಗೆ, ಟೈರ್ ಅಂಗಡಿಗೆ ಅವತ್ತು ಒಳ್ಳೆ ವ್ಯಾಪಾರ. ನಾವು ಸೇರಿಸಿ ಕಳಿಸಿದ ದುಡ್ಡಿಗಿಂತ ಈ ಭಾಗ ನನಗೆ ಹೆಚ್ಚು ಹಿಡಿಸಿತು. ಚೆಕ್ ಬರೆದು ಮನೆಯಲ್ಲಿ ಕೂತಿದ್ದರೆ ಆ ಬೇಕರಿಗೆ ಏನೂ ಹೋಗುತ್ತಿರಲಿಲ್ಲ.

ಈಗ ನಮ್ಮ ನಾಡಿನ ಮಾತು. ಕೊಚ್ಚಿಯಿಂದ ಜೈಸಲ್ಮೇರಿಗೆ ಬಣ್ಣ ಬಳಿದ ಆಟೋಗಳಲ್ಲಿ ವಿದೇಶಿಯರು ಹೋಗುವ ರಿಕ್ಷಾ ರನ್ ಬಗ್ಗೆ ಕರಾವಳಿಯ ಓದುಗರಿಗೆ ಗೊತ್ತಿರಬಹುದು, ಕೆಲವರು ಹೆದ್ದಾರಿ 66ರಲ್ಲಿ ನೋಡಿಯೂ ಇರಬಹುದು. 2004ರಲ್ಲಿ ಸಣ್ಣ ಎಂಜಿನ್ನಿನ ಕಾರುಗಳಲ್ಲಿ ಮಂಗೋಲಿಯಾಕ್ಕೆ ಹೋಗುವ ಮಂಗೋಲ್ ರ‍್ಯಾಲಿ ಶುರು ಮಾಡಿದ ಬ್ರಿಟನ್ನಿನ ಸಂಸ್ಥೆಯದ್ದೇ ಇದೂ. ಇಂತಿಷ್ಟು ದಾನ ಸಂಗ್ರಹಿಸಬೇಕೆಂಬ ಷರತ್ತು ಅಲ್ಲೂ ಇದೆ. ಆದರೆ ಜೊತೆಗೆ ಮೆಕ್ಯಾನಿಕ್ ಇಲ್ಲ, ಡಾಕ್ಟರ್ ಇಲ್ಲ, ಗೊತ್ತು ಮಾಡಿದ ದಾರಿಯೂ ಇಲ್ಲ. ಸಾಹಸ ಅನ್ನುವವರು ಅನ್ನಲಿ. ಘಾಟಿ, ಲಾರಿ, ದನ ಎಲ್ಲ ಇರುವ ನಮ್ಮ ರಸ್ತೆಯಲ್ಲಿ ಆಟೋ ಓಡಿಸಿ ಅಭ್ಯಾಸವೇ ಇಲ್ಲದವರನ್ನು ಹಾಗೆ ಬಿಡುವುದು ನನಗಂತೂ ಇಷ್ಟವಿಲ್ಲ.

ಇನ್ನು ನಮ್ಮವರೇ ಮಾಡುವ ರ‍್ಯಾಲಿಗಳು. ರಜೆಗೆ ಬಂದಾಗ ನಾನೂ ನೋಡಿದ್ದೇನೆ. ಬ್ಯಾನರ್ ದೊಡ್ಡದು, ಟೀ ಶರ್ಟ್ ಎಲ್ಲರಿಗೂ, ಬಾವುಟ ತೋರಿಸಲು ಗಣ್ಯರು. ಎಷ್ಟು ಹಣ ಬಂತು, ಟೀ ಶರ್ಟಿಗೆಷ್ಟು, ಹೋಟೆಲಿಗೆಷ್ಟು, ಯಾವ ಶಾಲೆಗೆಷ್ಟು? ಕೇಳಿದರೆ ಹೇಳುವವರಿಲ್ಲ. ಅದರ ಬಗ್ಗೆ ಪತ್ರ ಬರೆದವರಿಗೆ ಸಿಟ್ಟು ಬಂದಿದ್ದರೆ ನನ್ನದೂ ಸಹಿ ಇದೆ. ವೇಗದ ಪಂದ್ಯಕ್ಕೆ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇರಲೇಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಹೇಳುತ್ತದೆ. ದಾನ ಅಂತ ಹೆಸರಿಟ್ಟುಕೊಂಡು ಹೆದ್ದಾರಿಯಲ್ಲಿ ಒಬ್ಬರನ್ನೊಬ್ಬರು ಹಿಂದೆ ಹಾಕುವವರಿಗೆ ಯಾವ ವಿನಾಯಿತಿಯೂ ಇಲ್ಲ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಿರುವುದು ಪ್ರಾಣಿಗಳಿಗಾಗಿ. ಅಂಥ ಕಾಡಿನ ದಾರಿಗಳನ್ನು ಇಂಥ ಮೆರವಣಿಗೆಗೆ ಆರಿಸಿಕೊಳ್ಳದಿದ್ದರೇ ಒಳ್ಳೆಯದು.

ನಮ್ಮಲ್ಲಿ ಇದನ್ನು ಚೆನ್ನಾಗಿ ಮಾಡಬಹುದು ಅಂತ ನನಗೆ ಖಂಡಿತ ಅನ್ನಿಸುತ್ತದೆ. 1983ರಲ್ಲಿ ಬಂದ ಮಾರುತಿ 800 ಎಷ್ಟು ಮನೆಗಳಲ್ಲಿ ಇನ್ನೂ ಇದೆ! ಅಂಬಾಸಿಡರ್, ಪದ್ಮಿನಿ ಜೋಪಾನ ಮಾಡಿಕೊಂಡವರೂ ಇದ್ದಾರೆ. 15 ವರ್ಷದ ಮೇಲೆ ಫಿಟ್‌ನೆಸ್ ಮಾಡಿಸಿ, ಆರ್‌ಸಿ ನವೀಕರಿಸಿಕೊಂಡು ಓಡಾಡುವ ಗಾಡಿಗಳು ಅವು. ಬೆಂಗಳೂರಿಂದ ಬೀದರಿಗೆ ಅಂಥವೇ ಕಾರುಗಳಲ್ಲಿ, ಮನೆಮಂದಿಯೆಲ್ಲ ಕೂತು, ಹೆದ್ದಾರಿ ಬಿಟ್ಟು ಒಳದಾರಿ ಹಿಡಿದು ಸಾವಕಾಶ ಹೋಗಲಿ. ಸಿಂಧನೂರಲ್ಲೋ ಶಹಾಪುರದಲ್ಲೋ ಯಾವುದಾದರೂ ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡಲಿ, ದಾರಿಯ ಸರ್ಕಾರಿ ಶಾಲೆಗೆ ಏನು ಬೇಕು ಅಂತ ಮೊದಲೇ ಎಸ್‌ಡಿಎಂಸಿಯವರನ್ನು ಕೇಳಿಕೊಂಡಿರಲಿ. ಅವರು ಶೌಚಾಲಯಕ್ಕೆ ನೀರು ಬೇಕು ಅಂದರೆ ನೀರೇ ಕೊಡಬೇಕು, ಫೋಟೊಗೆ ಚೆಂದ ಅಂತ ಸ್ಕೂಲ್ ಬ್ಯಾಗ್ ಹಂಚಿ ಬರಬಾರದು. ಪೆಟ್ರೋಲು ಅವರವರದ್ದು.

ನಿಮ್ಮಲ್ಲಿ ಒಂದು ವಿನಂತಿ ಇದೆ ಸಂಪಾದಕರೇ. ಇಂಥ ರ‍್ಯಾಲಿಯ ಸುದ್ದಿ, ಫೋಟೊ ಬಂದಾಗ, ಎಷ್ಟು ಸಂಗ್ರಹವಾಯಿತು, ಖರ್ಚು ಯಾರದು, ಹಣ ಯಾರ ಕೈಗೆ ಹೋಯಿತು ಅಂತ ಆಯೋಜಕರನ್ನು ಕೇಳಿ ಅದನ್ನೂ ಹಾಕಿ. ಉತ್ತರ ಕೊಡದಿದ್ದರೆ ಕೊಡಲಿಲ್ಲ ಅಂತಲೇ ಹಾಕಿ. ಬಾವುಟ ತೋರಿಸಿದವರ ಹೆಸರು ಜಾಗ ಉಳಿದರೆ ಹಾಕಿದರಾಯಿತು.

ಇಂತಿ,
ನಿಮ್ಮ ಓದುಗಳು
ಅಡಿಲೇಡ್ (ಮೂಲ ಊರು ಗದಗ)