ಕೋಳಿ ಕೊಳ್ಳಬೇಡ, ಮರಿ ಮಾಡಿಸು

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ನೋಡಿದೆ. ಸ್ಟಾರ್ಡ್ಯೂ ವ್ಯಾಲಿ ಅನ್ನೋ ಬೇಸಾಯದ ವಿಡಿಯೋ ಗೇಮಿನಲ್ಲಿ ಕೊನೆಗೂ ಕೋಳಿಗೂಡು ಕಟ್ಟಿಸಿದೆಯಲ್ಲ, ತುಂಬಾ ಖುಷಿಯಾಯಿತು. ಆದರೆ ಒಂದು ಮಾತು ಮಾತ್ರ ಒಪ್ಪಿಗೆಯಾಗಲಿಲ್ಲ. "800 ದುಡ್ಡು ಕೊಟ್ಟರೆ ಪ್ರಾಣಿ ಮಾರುವ ಮಾರ್ನಿ ಹತ್ತಿರ ಕೋಳಿ ಸಿಗುತ್ತದೆ, ಮೊಟ್ಟೆ ಇಟ್ಟು ಕಾಯುವುದು ಯಾಕೆ" ಅಂತ ಕೇಳಿದ್ದೀಯ. ಅದಕ್ಕೇ ಈ ಪತ್ರ. ಮಡಿಕೇರಿಯಲ್ಲಿ ಮಳೆ ಹಿಡಿದುಕೊಂಡಿದೆ, ಕರೆಂಟು ಬರುತ್ತದೆ ಹೋಗುತ್ತದೆ, ತೋಟದ ಕೆಲಸವೂ ನಿಂತಿದೆ. ಬರೆಯಲು ಪುರುಸೊತ್ತು ಬೇಕಾದಷ್ಟಿದೆ.

ಮೊದಲು ಲೆಕ್ಕ ಮುಗಿಸಿಬಿಡೋಣ. ಆಟದಲ್ಲಿ ಮಾಮೂಲಿ ಮೊಟ್ಟೆ ಮಾರಿದರೆ 50 ಸಿಗುತ್ತದೆ. ಅದನ್ನೇ ಇನ್‌ಕ್ಯುಬೇಟರಿನಲ್ಲಿ, ಅಂದರೆ ಕಾವು ಕೊಡುವ ಪೆಟ್ಟಿಗೆಯಲ್ಲಿ, ಇಟ್ಟರೆ 800ರ ಕೋಳಿ. ಸಣ್ಣ ಗೂಡಿನಲ್ಲಿ ಇನ್‌ಕ್ಯುಬೇಟರ್ ಇರುವುದಿಲ್ಲ, ಗೂಡು ದೊಡ್ಡದು ಮಾಡಿಸಬೇಕು. 10,000 ದುಡ್ಡು, 400 ಮರ, 150 ಕಲ್ಲು. ಕೈ ಬಿಗಿಯಾಗಿರುವಾಗ ಇದು ಜಾಸ್ತಿಯೇ. ಆದರೆ ದೊಡ್ಡ ಗೂಡಿನಲ್ಲಿ 8 ಕೋಳಿ ಹಿಡಿಯುತ್ತವೆ, ಬಾತುಕೋಳಿಯನ್ನೂ ಸಾಕಬಹುದು. ಹೇಗಿದ್ದರೂ ಒಂದು ದಿನ ಮಾಡಿಸುತ್ತೀಯ, ಬೇಗ ಮಾಡಿಸು.

ಮೊಟ್ಟೆ ಒಡೆಯಲು ಆಟದ ಗಡಿಯಾರದಲ್ಲಿ 9,000 ನಿಮಿಷ ಬೇಕು. ಅಂದರೆ ವಾರದೊಳಗೆ ಮರಿ. ಆಟದ ಬೇಸಾಯದ ಕೌಶಲ್ಯದಲ್ಲಿ 5ನೇ ಹಂತಕ್ಕೆ ಬಂದಾಗ ರಾಂಚರ್ (ಪ್ರಾಣಿ ಸಾಕುವವನು) ಅನ್ನೋ ಕಸುಬು ಆರಿಸಿಕೊಂಡು, 10ನೇ ಹಂತದಲ್ಲಿ ಕೂಪ್‌ಮಾಸ್ಟರ್ (ಕೋಳಿಗೂಡಿನ ಪರಿಣತ) ಆದರೆ ಅದರಲ್ಲಿ ಅರ್ಧ ಸಮಯ ಸಾಕು. ಗೂಡಿನಲ್ಲಿ ಒಂದು ಜಾಗ ಖಾಲಿ ಇರಲಿ. ಭರ್ತಿಯಾಗಿದ್ದರೆ ಎಷ್ಟು ದಿನ ಕಾದರೂ ಮೊಟ್ಟೆ ಒಡೆಯುವುದಿಲ್ಲ.

ಇನ್ನು ಬಣ್ಣ. ಬಿಳಿ ಮೊಟ್ಟೆ ಇಟ್ಟರೆ ಬಿಳಿ ಕೋಳಿ, ಕಂದು ಮೊಟ್ಟೆ ಇಟ್ಟರೆ ಕಂದು ಕೋಳಿ. ನನಗೆ ಕಂದು ಬಣ್ಣವೇ ಇಷ್ಟ, ಹಾಗಾಗಿ ಕಂದು ಮೊಟ್ಟೆಯನ್ನೇ ಎತ್ತಿಟ್ಟು ಇಡುತ್ತೇನೆ. ನೀಲಿ ಕೋಳಿಯೂ ಇದೆ, ಗೊತ್ತಾ? ಆಟದ ಊರಿನಲ್ಲಿರುವ ಶೇನ್ ಜೊತೆ ಗೆಳೆತನ ಬೆಳೆಸಿ ಎಂಟು ಹೃದಯದ (ಆಟ ಗೆಳೆತನ ಅಳೆಯುವುದು ಹೃದಯಗಳಲ್ಲಿ) ಪ್ರಸಂಗ ನೋಡಿದ ಮೇಲೆ ಹುಟ್ಟುವ ಮರಿಗಳಲ್ಲಿ ನೀಲಿ ಬರುವ ಸಾಧ್ಯತೆ 25%. ಕೊಂಡ ಕೋಳಿಗೂ ಇದೇ ಲೆಕ್ಕ. ಆದರೆ ಕೊಂಡರೆ ಪ್ರತಿ ಸಲ 800 ಕೊಡಬೇಕು, ಮೊಟ್ಟೆ ಮನೆಯದೇ ಅಲ್ವಾ. ಒಂದೊಂದು ರಾತ್ರಿ ಮಾಟಗಾತಿ ಹಾರಿಬಂದು ಗೂಡಿನಲ್ಲಿ ಕಪ್ಪು ಮೊಟ್ಟೆ ಬಿಟ್ಟು ಹೋಗುವುದುಂಟು. ಸಿಕ್ಕರೆ ಮಾರಬೇಡ, ಕಾವಿಗೆ ಇಡು. ಕೆಂಪು ಕಣ್ಣಿನ ಕರಿ ಕೋಳಿ ಹುಟ್ಟುತ್ತದೆ.

ಲೆಕ್ಕ ಬಿಡು. ನಾನು ಹೇಳಬೇಕೆಂದಿರುವುದು ಬೇರೆ.

ಈ ಆಟದಲ್ಲಿ ಹುಂಜವೇ ಇಲ್ಲ. ಇಟ್ಟ ಮೊಟ್ಟೆಯೆಲ್ಲ ಮರಿಯಾಗುತ್ತದೆ. ನಮ್ಮ ಊರಲ್ಲಿ ಹಾಗಲ್ಲ. ಹುಂಜ ಇಲ್ಲದ ಮನೆಯಲ್ಲೂ ಹೇಂಟೆ ಮೊಟ್ಟೆ ಇಡುತ್ತದೆ, ಆದರೆ ಅದರಿಂದ ಮರಿ ಆಗುವುದಿಲ್ಲ. ಅದಕ್ಕೇ ಅಜ್ಜಿ ಕಾವಿಗೆ ಕೂರಿಸಿದ ವಾರದ ಮೇಲೆ ರಾತ್ರಿ ಒಂದೊಂದೇ ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಳಗೆ ಕೆಂಪು ನರ ಕಂಡರೆ ವಾಪಸ್ ಕುಕ್ಕೆಗೆ. ಏನೂ ಕಾಣದಿದ್ದರೆ ಆಚೆಗೆ.

ಕಾವಿಗೆ ಕೂತ ನಾಟಿ ಹೇಂಟೆಯನ್ನು ನೀನು ಹತ್ತಿರದಿಂದ ನೋಡಿದ್ದೀಯಾ? ಸೌದೆ ಕೊಟ್ಟಿಗೆಯ ಮೂಲೆಯಲ್ಲಿ, ಒಣ ಹುಲ್ಲು ಹಾಸಿದ ಕುಕ್ಕೆಯಲ್ಲಿ, ರೆಕ್ಕೆ ಅಗಲಿಸಿ ಮೈ ಚಪ್ಪಟೆ ಮಾಡಿ ಕೂತಿರುತ್ತದೆ. ಕೈ ಹತ್ತಿರ ಹೋದರೆ ಪುಕ್ಕವೆಲ್ಲ ಎದ್ದು ನಿಲ್ಲುತ್ತದೆ, ಗಂಟಲಲ್ಲಿ ಕೊರ್ ಅನ್ನುತ್ತದೆ, ಮತ್ತೂ ಮುಂದೆ ಹೋದರೆ ಕುಕ್ಕುತ್ತದೆ. ದಿನಕ್ಕೊಮ್ಮೆ ಎದ್ದು ಬರುತ್ತದೆ. ಗಡಿಬಿಡಿಯಲ್ಲಿ ನಾಲ್ಕು ಕಾಳು, ಒಂದಿಷ್ಟು ನೀರು, ಬೂದಿಯಲ್ಲಿ ಒಂದು ಹೊರಳು, ಮತ್ತೆ ಒಳಗೆ. ಕೂತಲ್ಲೇ ಕೊಕ್ಕಿನಿಂದ ಮೊಟ್ಟೆ ತಿರುಗಿಸುತ್ತದೆ, ಅಂಚಿನದನ್ನು ನಡುವಿಗೆ ಎಳೆದುಕೊಳ್ಳುತ್ತದೆ. ಹೀಗೆ 21 ದಿನ. ಕೊನೆಗೆ ಚಿಪ್ಪಿನ ಒಳಗಿಂದಲೇ ಮರಿ ಚಿಂವ್ ಅನ್ನುತ್ತದೆ, ತಾಯಿ ಮೆಲ್ಲಗೆ ಉತ್ತರ ಕೊಡುತ್ತದೆ. ಕೊಕ್ಕಿನ ತುದಿಯಲ್ಲಿರುವ ಸಣ್ಣ ಮುಳ್ಳಿನಂಥ ಹಲ್ಲಿನಿಂದ ಮರಿ ಚಿಪ್ಪು ಒಡೆದುಕೊಂಡು ಬರುತ್ತದೆ. ಹಳದಿ ಭಾಗ ಅದರ ಹೊಟ್ಟೆಯೊಳಗೆ ಸೇರಿಕೊಂಡಿರುವುದರಿಂದ ಎರಡು ದಿನ ತಿನ್ನದಿದ್ದರೂ ನಡೆಯುತ್ತದೆ. ಅಷ್ಟರಲ್ಲಿ ಉಳಿದ ಮೊಟ್ಟೆಗಳೂ ಒಡೆಯಲಿ ಅಂತ ಹೇಂಟೆ ಏಳದೆ ಕೂತಿರುತ್ತದೆ. ಗಿರಿರಾಜ ಕೋಳಿ ಕಾವಿಗೆ ಕೂರುವುದು ಕಡಿಮೆ ಅಂತ ಅದರ ಮೊಟ್ಟೆಯನ್ನೂ ನಾಟಿ ಕೋಳಿ ಕೆಳಗೇ ಇಡುತ್ತಾರೆ. ಯಾರ ಮೊಟ್ಟೆ ಅಂತ ಅದು ಕೇಳುವುದಿಲ್ಲ.

ಆಟದಲ್ಲಿ ಈ ತಾಯಿ ಇಲ್ಲ. ಎರಿಕ್ ಬರೋನ್ ಒಬ್ಬನೇ ಕೂತು, ಚಿತ್ರ, ಸಂಗೀತ, ಕೋಡ್ ಎಲ್ಲ ತಾನೇ ಮಾಡಿ, 2016ರಲ್ಲಿ ಹೊರತಂದ ಆಟ ಇದು. ಅವನು ಹೇಂಟೆಯ ಜಾಗ ಖಾಲಿ ಬಿಟ್ಟು ಅಲ್ಲಿ ನಿನ್ನನ್ನು ಕೂರಿಸಿದ್ದಾನೆ ಅಂತ ನನಗೆ ಅನ್ನಿಸುತ್ತದೆ. ಬೆಳಿಗ್ಗೆ ಗೂಡಿನೊಳಗೆ ಹೋಗುತ್ತೀಯ, ಮರಿ ಹುಟ್ಟಿದೆ, ಹೆಸರಿಡು ಅಂತ ಆಟ ಹೇಳುತ್ತದೆ. ಹೆಸರು ಕೊಟ್ಟ ಮೇಲೆ ಅದರ ಹೊಟ್ಟೆ, ಅದರ ಖುಷಿ, ಅದರ ರಾತ್ರಿ ಎಲ್ಲ ನಿನ್ನದೇ. ದಿನಾ ಮೈ ಸವರಬೇಕು, ಹುಲ್ಲು ಹಾಕಬೇಕು. ಮೂರು ರಾತ್ರಿ ಕಳೆದರೆ ದೊಡ್ಡದಾಗುತ್ತದೆ. ಪ್ರೀತಿ ಜಾಸ್ತಿಯಾದ ಹಾಗೆ ದೊಡ್ಡ ಮೊಟ್ಟೆ ಕೊಡುತ್ತದೆ. ಕೊಂಡ ಕೋಳಿಗೂ ಇದನ್ನೆಲ್ಲ ಮಾಡಬೇಕು, ನಿಜ. ಆದರೆ ಯಾವ ಮೊಟ್ಟೆ ಅಂತ ನೀನೇ ಆರಿಸಿ, ದಿನ ಎಣಿಸಿ ಕಾದದ್ದಕ್ಕೂ ಕೌಂಟರಿನಲ್ಲಿ ದುಡ್ಡು ಕೊಟ್ಟು ತಂದದ್ದಕ್ಕೂ ಮನಸ್ಸಿನಲ್ಲಿ ವ್ಯತ್ಯಾಸ ಇದ್ದೇ ಇದೆ. ನಾನು ಮರಿಗಳಿಗೆ ನಮ್ಮ ಊರುಗಳ ಹೆಸರಿಟ್ಟಿದ್ದೇನೆ. ಕಕ್ಕಬ್ಬೆ, ಚೇರಂಬಾಣೆ, ನಾಪೋಕ್ಲು. ಚೇರಂಬಾಣೆ ಹುಟ್ಟಿದ್ದು ಕಕ್ಕಬ್ಬೆಯ ಮೊಟ್ಟೆಯಿಂದ. ಆಟ ಇದನ್ನು ಎಲ್ಲೂ ಬರೆದಿಡುವುದಿಲ್ಲ, ನಾನೇ ನೆನಪಿಟ್ಟುಕೊಂಡಿದ್ದೇನೆ.

ಎರಡು ವಿಷಯ ಮರೆಯಬೇಡ ಮಾರಾಯ. ಸಂಜೆ ಎಲ್ಲ ಕೋಳಿ ಒಳಗೆ ಬಂದ ಮೇಲೆ ಮಾತ್ರ ಗೂಡಿನ ಬಾಗಿಲು ಹಾಕು. ಹೊರಗೆ ಉಳಿದ ಕೋಳಿಯನ್ನು ರಾತ್ರಿ ಕಾಡುಪ್ರಾಣಿ ಹೊತ್ತೊಯ್ಯಬಹುದು. ಕಾಡುಬೆಕ್ಕು, ಮುಂಗುಸಿ ನೋಡಿ ಬೆಳೆದವನು ನೀನು, ಜಾಸ್ತಿ ಹೇಳಬೇಕಾಗಿಲ್ಲ.

ಇನ್ನೊಂದು, ಮೇವು. ಚಳಿಗಾಲದಲ್ಲಿ ಹೊರಗೆ ಹುಲ್ಲು ಬೆಳೆಯುವುದಿಲ್ಲ, ಕೋಳಿ ಗೂಡು ಬಿಟ್ಟು ಬರುವುದಿಲ್ಲ. ದಿನಕ್ಕೆ ಒಂದು ಕೋಳಿಗೆ ಒಂದು ಹಿಡಿ ಒಣಹುಲ್ಲು. 8 ಕೋಳಿ, ಆಟದ ಚಳಿಗಾಲ 28 ದಿನ, ಒಟ್ಟು 224. ಒಣಹುಲ್ಲು ತುಂಬಿಡುವ ಒಂದು ಸೈಲೋದಲ್ಲಿ 240 ಹಿಡಿಯುತ್ತದೆ. ಅಂದರೆ ಶರತ್ಕಾಲ ಮುಗಿಯುವ ಮೊದಲು ಒಂದು ಸೈಲೋ ತುಂಬಿಸಿಟ್ಟರೆ ಇಡೀ ಚಳಿಗಾಲಕ್ಕೆ ಸಾಕು, ಮಾರ್ನಿ ಹತ್ತಿರ ಒಂದಕ್ಕೆ 50 ಕೊಟ್ಟು ಕೊಳ್ಳಬೇಕಾಗಿಲ್ಲ. ಅದಕ್ಕೇ ನಿನ್ನ ಹೊಲದ ಹುಲ್ಲನ್ನು ಸೈಲೋ ಕಟ್ಟಿಸುವ ಮೊದಲು ಕೊಯ್ಯಬೇಡ, ಸುಮ್ನೆ ಹಾಳಾಗುತ್ತದೆ.

ಮೊದಲ ಮರಿಗೆ ಏನು ಹೆಸರಿಟ್ಟೆ ಅಂತ ತಿಳಿಸು. ಭಾಗಮಂಡಲ ಇನ್ನೂ ಯಾರಿಗೂ ಇಟ್ಟಿಲ್ಲ, ಬೇಕಿದ್ದರೆ ನೀನು ತಗೋ.

ನಿನ್ನ ಗೆಳೆಯ