ಮಂಗನ ಕಾಯಿಲೆ: ‘ಕಾಡಿಗೆ ಹೋಗಬೇಡಿ’ ಎಂದರೆ ಸಾಲದು

ಸಂಪಾದಕರಿಗೆ,

ಮಾನ್ಯರೇ,

ಮಲೆನಾಡಿನಲ್ಲಿ ಚಳಿ ಕಳೆದು ದರಗು (ಒಣಗಿದ ಎಲೆ) ಉದುರುವ ಹೊತ್ತಿಗೆ ಧ್ವನಿವರ್ಧಕ ಕಟ್ಟಿಕೊಂಡ ಆಟೊಗಳು ಹಳ್ಳಿಗೆ ಬರುತ್ತವೆ. ‘ಸಾರ್ವಜನಿಕರು ಕಾಡಿಗೆ ಹೋಗಬಾರದು, ಮಂಗನ ಕಾಯಿಲೆ ಬಗ್ಗೆ ಎಚ್ಚರ ವಹಿಸಬೇಕು’ ಎಂದು ಸಾರಿ ಮುಂದಿನ ಊರಿಗೆ ಹೋಗುತ್ತವೆ. ಸಾಗರ, ತೀರ್ಥಹಳ್ಳಿ, ಸಿದ್ದಾಪುರದ ಕಡೆ ಹಿತ್ತಿಲ ಬೇಲಿ ದಾಟಿದರೆ ಕಾಡೇ. ಕೊಟ್ಟಿಗೆಗೆ ಸೊಪ್ಪು, ತೋಟಕ್ಕೆ ದರಗು, ಒಲೆಗೆ ಸೌದೆ ಅಲ್ಲಿಂದಲೇ ಬರಬೇಕು. ಹೋಗಲೇಬೇಕಾದವರಿಗೆ ಹೋಗಬೇಡಿ ಎಂದರೆ ಕಿವಿ ಅಲ್ಲಿಗೇ ಮುಚ್ಚಿಬಿಡುತ್ತದೆ. ಆಮೇಲೆ ಹೇಳುವ ಉಪಯೋಗದ ಮಾತೂ ಒಳಗಿಳಿಯುವುದಿಲ್ಲ. ಹೋಗುವವರು ಹೇಗೆ ಹೋಗಬೇಕು, ಬಂದ ಮೇಲೆ ಏನು ಮಾಡಬೇಕು, ಜ್ವರ ಬಂದರೆ ಯಾವ ದಿನ ಏನು ನೋಡಬೇಕು ಎಂಬುದನ್ನು ಜನರ ಮಾತಿನಲ್ಲೇ ಹೇಳಬೇಕೆಂದು ಈ ಪತ್ರ.

ತೊಡಕು ಹೆಸರಿನಿಂದಲೇ ಶುರುವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಊರುಗಳಲ್ಲಿ ಜ್ವರ ಹಬ್ಬಿದ್ದರಿಂದ ಜನ ಇದನ್ನು ಮಂಗನ ಕಾಯಿಲೆ ಎಂದರು. ಮಂಗ ಕಚ್ಚಿ, ಪರಚಿ ಬರುತ್ತದೆ ಎಂದು ನಂಬಿದವರು ಇವತ್ತಿಗೂ ಇದ್ದಾರೆ. ಮುಸಿಯ ಆಗಲಿ ಕೆಂಪು ಮೂತಿಯ ಮಂಗ ಆಗಲಿ ನಮ್ಮ ಹಾಗೆಯೇ ಈ ವೈರಸ್ಸಿಗೆ ಸಿಕ್ಕಿ ಸಾಯುವ ಪ್ರಾಣಿಗಳು. ರೋಗ ದಾಟಿಸುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಕರಪತ್ರಗಳಲ್ಲಿ ಹಸುವಿನ ಕಿವಿಗೆ ಜೋತುಬಿದ್ದು, ರಕ್ತ ಕುಡಿದು ಹರಳು ಬೀಜದಷ್ಟು ಉಬ್ಬಿದ ಉಣುಗಿನ ಚಿತ್ರ ಹಾಕುವುದುಂಟು. ಅದನ್ನು ನೋಡಿದವರು ಅಂಥದ್ದನ್ನೇ ಮೈಮೇಲೆ ಹುಡುಕುತ್ತಾರೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಎಳ್ಳಿನ ಕಾಳಿಗಿಂತ ಚಿಕ್ಕದಾದ ಎಳೆಯ ಉಣುಗು. ದರಗಿನ ಮೇಲೆ ಕೂತಿರುತ್ತದೆ, ಕಾಲಿಗೆ ಹತ್ತಿ ಮೊಣಕಾಲ ಹಿಂದೆ, ಸೊಂಟದ ಪಟ್ಟಿ ಬಿಗಿಯುವಲ್ಲಿ, ಕಂಕುಳಲ್ಲಿ ಸೇರಿಕೊಳ್ಳುತ್ತದೆ. ನೋಯುವುದಿಲ್ಲ, ಒಂದು ಕರಿಯ ಚುಕ್ಕೆಯಂತೆ ಕಾಣುತ್ತದೆ. ಬೆರಳ ತುದಿಯಲ್ಲಿ ಎಳ್ಳಿನ ಪಕ್ಕ ಇಟ್ಟ ಎಳೆಯ ಉಣುಗಿನ ಒಂದು ಫೋಟೊ ಹತ್ತು ಸಾಲಿನ ಬರಹಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಆಟೊದಲ್ಲಿ ಸಾರುವ ಮಾತು ಹೀಗಿದ್ದರೆ ಚೆನ್ನ: ‘ದರಗಿಗೆ, ಸೊಪ್ಪಿಗೆ ಹೋಗುವವರು ಮೈ ಮುಚ್ಚುವ ಬಟ್ಟೆ ಹಾಕಿ. ಪ್ಯಾಂಟಿನ ಕಾಲನ್ನು ಸಾಕ್ಸ್ ಒಳಗೆ ಸೇರಿಸಿ. ಹೊರಡುವ ಮುಂಚೆ ಕೈಕಾಲು, ಕುತ್ತಿಗೆಗೆ ಉಣುಗನ್ನು ದೂರ ಇಡುವ ಡೆಪಾ ಎಣ್ಣೆ ಹಚ್ಚಿ. ದರಗಿನ ಮೇಲೆ ಕೂರಬೇಡಿ, ಮಲಗಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಚ್ಚಿ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಲ್ಲಿ ಮೀಯಿರಿ, ಮೈ ನೋಡಿಕೊಳ್ಳಿ. ಆಶಾ ಅಕ್ಕನ ಹತ್ತಿರ ಎಣ್ಣೆ ಉಚಿತ.’ ಒಂದು ನಿಮಿಷದೊಳಗೆ ಮುಗಿಯುತ್ತದೆ, ಮಾಡಲಾಗದ್ದು ಇದರಲ್ಲಿ ಒಂದೂ ಇಲ್ಲ.

ಎಣ್ಣೆಯ ಬಗ್ಗೆಯೂ ಬಿಡಿಸಿ ಹೇಳಬೇಕು. ಮೊದಲು ಡಿಎಂಪಿ ಎಣ್ಣೆ ಕೊಡುತ್ತಿದ್ದರು, ಈಗ ರಕ್ಷಣಾ ಸಂಶೋಧನಾ ಸಂಸ್ಥೆ ರೂಪಿಸಿದ ಡೆಪಾ ಬಂದಿದೆ. ಇದು ಉಣುಗನ್ನು ದೂರ ಇಡುತ್ತದೆ, ಕಚ್ಚಿದ ಮೇಲೆ ಹಚ್ಚಿದರೆ ಔಷಧವಾಗುವುದಿಲ್ಲ. ಕೆಲವೇ ಗಂಟೆ ನಿಲ್ಲುತ್ತದೆ, ಬೆವರಿದರೆ ಇನ್ನೂ ಬೇಗ ಹೋಗುತ್ತದೆ. ಬೆಳಿಗ್ಗೆ ಹಚ್ಚಿಕೊಂಡು ಸಂಜೆಯವರೆಗೆ ದರಗು ಗುಡಿಸುವವರು ಬಾಟಲಿ ಜೊತೆಗೇ ಒಯ್ಯಬೇಕು. ಕಣ್ಣು, ಬಾಯಿ, ಗಾಯಕ್ಕೆ ತಾಗಬಾರದು. ಬಾಟಲಿ ಕೈಗಿಟ್ಟು ಸಹಿ ಹಾಕಿಸಿಕೊಂಡು ಹೋದರೆ ಇದ್ಯಾವುದೂ ತಿಳಿಯದೆ ಬಾಟಲಿ ದೇವರ ಗೂಡಿನ ಪಕ್ಕದಲ್ಲೇ ಉಳಿಯುತ್ತದೆ. ಕಚ್ಚಿಕೊಂಡ ಉಣುಗನ್ನು ಬೀಡಿ ತಾಗಿಸಿ, ಸೀಮೆಎಣ್ಣೆ ಸುರಿದು ತೆಗೆಯುವ ರೂಢಿ ಬಿಡಿಸಬೇಕು. ಚಿಮುಟಿಗೆಯಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಬೇಕು. ಉಗುರಲ್ಲಿ ಹಿಚುಕಬಾರದು.

ಮಂಗ ಸತ್ತರೆ ತಿಳಿಸಿ ಎನ್ನುತ್ತಾರೆ, ಯಾಕೆ ಬೇಗ ತಿಳಿಸಬೇಕೆಂದು ಹೇಳುವವರು ಕಡಿಮೆ. ಸತ್ತ ಮಂಗನ ಮೈ ತಣ್ಣಗಾಗುತ್ತಿದ್ದಂತೆ ಉಣುಗುಗಳು ಇಳಿದು ಸುತ್ತಲಿನ ನೆಲಕ್ಕೆ ಹರಡುತ್ತವೆ. ಆ ಜಾಗ ಅಲ್ಲಿಂದಾಚೆ ಅಪಾಯದ ತಾಣ. ಅದಕ್ಕೇ ಹೆಣವನ್ನು ಮುಟ್ಟದೆ, ಹತ್ತಿರ ಹೋಗದೆ ಆಶಾ, ಪಂಚಾಯಿತಿ, ಅರಣ್ಯ ಅಥವಾ ಪಶು ಇಲಾಖೆಯವರಿಗೆ ಅದೇ ದಿನ ಹೇಳಬೇಕು. ಅವರು ಪರೀಕ್ಷೆಗೆ ಮಾದರಿ ತೆಗೆದು, ಹೆಣ ಸುಟ್ಟು, ಸುತ್ತ 50 ಅಡಿಯವರೆಗೆ ಶೇ 5ರ ಮೆಲಾಥಿಯನ್ ಕೀಟನಾಶಕ ಪುಡಿ ಉದುರಿಸಬೇಕು. ಎರಡು ದಿನ ತಡವಾದರೆ ಹೆಣ ಕೊಳೆತು ಮಾದರಿಯೂ ಸಿಗದು, ಉಣುಗೂ ಚದುರಿರುತ್ತದೆ. ಇನ್ನೊಂದು ಮಾತು: ಮಂಗ ಸಾಯಲಿಲ್ಲ ಎಂದರೆ ಅಪಾಯ ಇಲ್ಲ ಎಂದಲ್ಲ. ದಟ್ಟ ಕಾಡಿನಲ್ಲಿ ಸತ್ತದ್ದು ಯಾರ ಕಣ್ಣಿಗೂ ಬೀಳದೆ ಇರಬಹುದು.

ಸುದ್ದಿ ಕೊಟ್ಟವರಿಗೆ ಫಲಿತಾಂಶ ತಿರುಗಿ ಬರುವುದಿಲ್ಲ ಎಂಬುದು ಹಳ್ಳಿಗಳ ಹಳೆಯ ದೂರು. ಫೋನು ಮಾಡಿದ ರೈತನಿಗೆ ‘ವೈರಸ್ ಇದೆ’ ಅಥವಾ ‘ಇಲ್ಲ’ ಎಂದು ಯಾರೂ ಹೇಳದಿದ್ದರೆ ಮುಂದಿನ ಸಲ ಅವನು ಫೋನು ಎತ್ತುವುದಿಲ್ಲ. ಫಲಿತಾಂಶವನ್ನು, ಅದು ಏನೇ ಇರಲಿ, ಪಂಚಾಯಿತಿ ಮತ್ತು ಹಾಲಿನ ಡೇರಿಯ ಹಲಗೆಗೆ ದಿನಾಂಕ, ಜಾಗದ ಹೆಸರಿನೊಂದಿಗೆ ಅಂಟಿಸಬೇಕು. ರೋಗಿಗಳ ಹೆಸರು ಮಾತ್ರ ಬೇಡ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ರೋಗವಲ್ಲ, ಆದರೂ ಕಾಯಿಲೆ ಬಂದ ಮನೆಯನ್ನು ದೂರ ಇಡುವ ಭಯ ಇದ್ದೇ ಇದೆ.

ಜ್ವರದ ವಿಚಾರದಲ್ಲಿ ಸೂಚನೆಗಳು ತೀರಾ ತೆಳು. ಕಚ್ಚಿದ 3ರಿಂದ 8 ದಿನಕ್ಕೆ ಒಮ್ಮೆಲೇ ಜ್ವರ, ತಡೆಯಲಾರದ ತಲೆನೋವು, ಸೊಂಟ–ಮೀನಖಂಡದ ನೋವು, ವಾಂತಿ. ಪ್ಲೇಟ್‌ಲೆಟ್ ಇಳಿದು ಕೆಲವರಿಗೆ ಒಸಡು, ಮೂಗಿನಿಂದ ರಕ್ತ ಬರುತ್ತದೆ. ಆದ್ದರಿಂದ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ, ಅಂಗಡಿಯಲ್ಲಿ ಸಿಗುವ ಆಸ್ಪಿರಿನ್, ಡೈಕ್ಲೊಫೆನಾಕ್ ಬೇಡ. ಮುಖ್ಯವಾದದ್ದು, ಯಾರೂ ಒತ್ತಿ ಹೇಳದ್ದು: ಜ್ವರ ಬಿಟ್ಟು ರೋಗಿ ಎದ್ದು ಓಡಾಡತೊಡಗಿದ ಒಂದೆರಡು ವಾರಕ್ಕೆ ಕೆಲವರಿಗೆ ಜ್ವರ ಮರುಕಳಿಸುತ್ತದೆ. ಈ ಸಲ ಕುತ್ತಿಗೆ ಬಿಗಿತ, ನಡುಕ, ಗೊಂದಲದ ಮಾತು ಜೊತೆಗಿರಬಹುದು. ವಾಸಿಯಾಯಿತೆಂದು ತೋಟಕ್ಕಿಳಿದವರು ಇದನ್ನು ಬಿಸಿಲಿನ ಆಯಾಸ ಎಂದುಕೊಂಡು ಮನೆಯಲ್ಲೇ ಮಲಗುತ್ತಾರೆ. ಆಸ್ಪತ್ರೆಯಿಂದ ಕಳಿಸುವಾಗ ಚೀಟಿಯ ಮೇಲೆ ‘ಇಂಥ ದಿನಾಂಕದವರೆಗೆ ಜ್ವರ ಬಂದರೆ ಅದೇ ದಿನ ಬನ್ನಿ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಡಲು ಅರ್ಧ ನಿಮಿಷ ಸಾಕು. ಈ ರೋಗಕ್ಕೆಂದೇ ಔಷಧವಿಲ್ಲ. ನೂರು ರೋಗಿಗಳಲ್ಲಿ 3ರಿಂದ 5 ಜನರನ್ನು ಕಳೆದುಕೊಳ್ಳುತ್ತೇವೆ. ಬೇಗ ಬಂದವರಿಗೆ ದ್ರವ, ರಕ್ತದ ಅಂಶ ಕೊಟ್ಟು ನಿಗಾ ಇಟ್ಟರೆ ಉಳಿಸಿಕೊಳ್ಳುವ ಅವಕಾಶ ಹೆಚ್ಚು.

ಇನ್ನು ಲಸಿಕೆ. ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷವೂ ಬೂಸ್ಟರ್ ಎಂದು ಊರೂರು ತಿರುಗಿ ಹಾಕಿದ ಲಸಿಕೆ 2022ರಲ್ಲಿ ನಿಂತಿತು. 2005ರಿಂದ 2010ರ ಅಂಕಿಅಂಶ ನೋಡಿದ ಅಧ್ಯಯನದಲ್ಲೇ ಎರಡು ಡೋಸಿನಿಂದ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು ರಕ್ಷಣೆ ಎಂದಿತ್ತು. ಆಮೇಲೆ ಅದರ ಪರಿಣಾಮ ಸಾಲದೆಂದೇ ಕೈಬಿಡಲಾಯಿತು. ಈ ಮಾತನ್ನು ಗ್ರಾಮಸಭೆಯಲ್ಲಿ ನಿಂತು ನೇರವಾಗಿ ಹೇಳಿದ್ದರೆ ಸಾಕಿತ್ತು. ಹೇಳದೆ ಬಿಟ್ಟಿದ್ದರಿಂದ ಕೆಲವರು ಹಳೆಯ ಚುಚ್ಚುಮದ್ದು ಇನ್ನೂ ಕಾಪಾಡುತ್ತದೆ ಎಂದುಕೊಂಡಿದ್ದಾರೆ, ಕೆಲವರು ಸರ್ಕಾರ ತಮ್ಮ ಕೈಬಿಟ್ಟಿತು ಎನ್ನುತ್ತಾರೆ. ಎರಡಕ್ಕೂ ಉತ್ತರ ಕೊಡಬೇಕಾದವರು ಆಶಾ ಕಾರ್ಯಕರ್ತೆಯರು, ಅವರಿಗೇ ಉತ್ತರ ಕೊಟ್ಟಿಲ್ಲ. ಹಳೆಯ ಲಸಿಕೆ ನಂಬಬೇಡಿ, ಹೊಸದರ ಕೆಲಸ ನಡೆದಿದೆ, ಅಲ್ಲಿಯವರೆಗೆ ಎಣ್ಣೆ ಮತ್ತು ಬಿಸಿನೀರು ಎಂದು ಹೇಳಿದರೆ ಜನ ಅರ್ಥ ಮಾಡಿಕೊಳ್ಳುತ್ತಾರೆ.

ಸಭೆಗೆ ಕರೆಯದೆ ಬಿಡುವವರೂ ಇದ್ದಾರೆ: ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರು, ಅರಣ್ಯ ಇಲಾಖೆಯ ದಿನಗೂಲಿ ವಾಚರ್‌ಗಳು, ಕೊಪ್ಪ–ಶೃಂಗೇರಿ ಕಡೆಯ ತೋಟಗಳಿಗೆ ಹೊರರಾಜ್ಯಗಳಿಂದ ಬಂದ ಕಾರ್ಮಿಕರು. ಹೊರಗಿನಿಂದ ಬಂದವರಿಗೆ ಕನ್ನಡದ ಕರಪತ್ರ ಓದಲು ಬಾರದು, ಉಣುಗಿನ ಭಯದ ಪರಿಚಯವೂ ಇಲ್ಲ. ಅವರಿಗೆ ಅವರ ಭಾಷೆಯಲ್ಲಿ ಹೇಳಿಸುವುದು, ಎಣ್ಣೆ ಕೊಡಿಸುವುದು ತೋಟದ ಯಜಮಾನರ ಹೊಣೆ ಎಂದು ಬರಹದಲ್ಲೇ ತಿಳಿಸಬೇಕು.

ಎಳೆಯ ಉಣುಗುಗಳ ಕಾಲ ನವೆಂಬರ್‌ನಿಂದ ಮೇವರೆಗೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಅನುಭವಿಸಿದ್ದು ಜಿಲ್ಲೆಯಲ್ಲಿ ಯಾರಿಗೂ ಮರೆತಿಲ್ಲ. ಮೊದಲ ಸಾವಿನ ನಂತರ ಜನವರಿಯಲ್ಲಿ ಆಟೊ ಕಳಿಸುವ ಬದಲು, ದೀಪಾವಳಿ ಕಳೆದ ವಾರವೇ ಪ್ರತಿ ಪಂಚಾಯಿತಿಯಲ್ಲೂ ಆರೋಗ್ಯ, ಅರಣ್ಯ, ಪಶು ಇಲಾಖೆಯವರು ಒಟ್ಟಿಗೆ ಕೂತು ಜನರ ಪ್ರಶ್ನೆಗೆ ಉತ್ತರಿಸುವ ಒಂದು ಗ್ರಾಮಸಭೆ ಕರೆಯಬೇಕೆಂದು ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲಾಡಳಿತಗಳನ್ನು ಕೋರುತ್ತೇನೆ.

— ನಿವೃತ್ತ ಹಿರಿಯ ಆರೋಗ್ಯ ಸಹಾಯಕ, ಶಿವಮೊಗ್ಗ ಜಿಲ್ಲೆ