ಮಲೆನಾಡಿನ ಒಬ್ಬ ಸಂಶೋಧಕ ಸರ್ಜನ್‌ಗಾಗಿ ದೇಣಿಗೆ ಮನವಿ

ಮಲೆನಾಡಿನ ಬಂಧುಗಳಿಗೆ, ಊರು ಬಿಟ್ಟು ದೂರದಲ್ಲಿರುವ ನಮ್ಮವರಿಗೆಲ್ಲ ನಮಸ್ಕಾರ.

ನಮ್ಮ ಟ್ರಸ್ಟ್ ಇಲ್ಲಿಯವರೆಗೆ ಶಾಲೆ ಮಕ್ಕಳ ಫೀಸು, ಕಣ್ಣಿನ ತಪಾಸಣೆ, ರಕ್ತದಾನ ಶಿಬಿರ ಅಂತ ಕೆಲಸ ಮಾಡಿಕೊಂಡು ಬಂದಿದೆ. ಈ ಸಲ ಕೇಳುತ್ತಿರುವುದು ಬೇರೆ ಥರದ ದೇಣಿಗೆ. ಪ್ಯಾಂಕ್ರಿಯಾಸ್ ಮತ್ತು ಲಿವರ್ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡಲು ಹೊರಟ ಒಬ್ಬ ಯುವ ಸರ್ಜನ್‌ಗೆ ಮೂರು ವರ್ಷ ವೇತನ ಕೊಡಬೇಕು ಅಂತ ತೀರ್ಮಾನಿಸಿದ್ದೇವೆ. ಹುಡುಗನೋ ಹುಡುಗಿಯೋ, ಶಿವಮೊಗ್ಗ ಇಲ್ಲವೇ ಚಿಕ್ಕಮಗಳೂರು ಜಿಲ್ಲೆಯವರಾಗಿರಬೇಕು.

"ಆಪರೇಷನ್‌ಗೆ ದುಡ್ಡು ಅಂದರೆ ಕೊಡೋಣ. ಸಂಶೋಧನೆಗೆ ಯಾಕೆ ಕೊಡಬೇಕು?" ನಮ್ಮ ಸಭೆಯಲ್ಲೇ ಹಿರಿಯರೊಬ್ಬರು ಹೀಗೆ ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡದೆ ನಿಮ್ಮ ಮುಂದೆ ಕೈ ಚಾಚುವುದು ಸರಿಯಲ್ಲ.

ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿ, ಜಠರದ ಹಿಂದೆ ಬೆನ್ನಿಗೆ ಹತ್ತಿರವಾಗಿ ಅಡಗಿಕೊಂಡಿರುತ್ತದೆ. ಅಲ್ಲಿ ಗಡ್ಡೆ ಬೆಳೆದರೆ ಕೈಗೆ ಸಿಗುವುದಿಲ್ಲ. ಕಾಯಿಲೆ ಗೊತ್ತಾಗುವ ಹೊತ್ತಿಗೆ ನೂರು ರೋಗಿಗಳಲ್ಲಿ 15ರಿಂದ 20 ಮಂದಿಗೆ ಮಾತ್ರ ಆಪರೇಷನ್ ಮಾಡುವ ಸ್ಥಿತಿ ಉಳಿದಿರುತ್ತದೆ. ಗಡ್ಡೆ ಪಿತ್ತನಾಳವನ್ನು ಒತ್ತಿದಾಗ ಕಣ್ಣು ಹಳದಿಯಾಗುತ್ತದೆ. ಆಗ ನಮ್ಮ ಕಡೆ ಮಾಡುವುದೇನು? ಕಾಮಾಲೆ ಔಷಧಿ ಕೊಡುವವರ ಮನೆ ಹುಡುಕಿಕೊಂಡು ಹೋಗುತ್ತೇವೆ, ಪಥ್ಯ ಮಾಡುತ್ತೇವೆ, ವಾರಗಟ್ಟಲೆ ಕಾಯುತ್ತೇವೆ. ನೀರಿನಿಂದ ಬರುವ ಸಾಮಾನ್ಯ ಕಾಮಾಲೆ ಬಹುತೇಕ ತಾನಾಗಿಯೇ ವಾಸಿಯಾಗುತ್ತದೆ. ಹಾಗಾಗಿ ಔಷಧಿಯ ಮೇಲೆ ನಂಬಿಕೆ ಬೆಳೆದಿದೆ. ಯಾರನ್ನೂ ದೂರಲು ಈ ಮಾತು ಹೇಳುತ್ತಿಲ್ಲ. ಆದರೆ ಗಡ್ಡೆಯಿಂದ ಬಂದ ಕಾಮಾಲೆ ಕಾಯುವುದಿಲ್ಲ. ನೋವೇ ಇಲ್ಲದೆ ಕಣ್ಣು ಹಳದಿಯಾಗಿ, ಮೈ ತುರಿಸಿ, ಮಲ ಬಿಳಿಚಿಕೊಂಡು, ತೂಕ ಇಳಿಯುತ್ತಿದ್ದರೆ ಅದೇ ವಾರ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ಮನೆಯಲ್ಲಿ ಯಾರಿಗೂ ಇಲ್ಲದ ಸಕ್ಕರೆ ಕಾಯಿಲೆ ವಯಸ್ಸಾದವರಿಗೆ ಏಕಾಏಕಿ ಬಂದು, ಜೊತೆಗೆ ತೂಕವೂ ಇಳಿದರೆ ಡಾಕ್ಟರಿಗೆ ಅದನ್ನು ತಪ್ಪದೆ ಹೇಳಿ. ದೇಣಿಗೆ ಕೊಡಲಿ ಬಿಡಲಿ, ಈ ಮಾತನ್ನು ಮಾತ್ರ ಎಲ್ಲರೂ ನೆನಪಿಟ್ಟುಕೊಳ್ಳಬೇಕು ಅಂತ ಬೇಡಿಕೊಳ್ಳುತ್ತೇವೆ.

ಈಗ ಸಂಶೋಧನೆಯ ವಿಷಯ. ಪ್ಯಾಂಕ್ರಿಯಾಸ್‌ನ ತಲೆಭಾಗ, ಅದಕ್ಕೆ ಅಂಟಿದ ಸಣ್ಣಕರುಳಿನ ಮೊದಲ ತುಂಡು, ಪಿತ್ತಕೋಶ, ಪಿತ್ತನಾಳದ ತುದಿ ಎಲ್ಲವನ್ನೂ ತೆಗೆದು ಮತ್ತೆ ಜೋಡಿಸುವ ಆಪರೇಷನ್‌ಗೆ ವಿಪ್ಪಲ್ ಅಂತ ಹೆಸರು. ನ್ಯೂಯಾರ್ಕಿನ ಅಲೆನ್ ವಿಪ್ಪಲ್ 1935ರಲ್ಲಿ ಮೂವರು ರೋಗಿಗಳ ವಿವರ ಪ್ರಕಟಿಸಿದರು. ಅವರಿಗೂ ಮೊದಲು ಬರ್ಲಿನ್ನಿನಲ್ಲಿ ವಾಲ್ಟರ್ ಕೌಶ್ ಇಂಥದ್ದನ್ನು ಮಾಡಿದ್ದರು. 1960-70ರ ದಶಕಗಳಲ್ಲೂ ಈ ಆಪರೇಷನ್ ಆದ ನೂರು ಮಂದಿಯಲ್ಲಿ ಸುಮಾರು 25 ಮಂದಿ ಆಸ್ಪತ್ರೆಯಿಂದ ಹೊರಗೆ ಬರುತ್ತಲೇ ಇರಲಿಲ್ಲ. ಇವತ್ತು ಅನುಭವ ಇರುವ ದೊಡ್ಡ ಕೇಂದ್ರಗಳಲ್ಲಿ ಈ ಸಾವು ನೂರಕ್ಕೆ 5ಕ್ಕಿಂತ ಕಡಿಮೆ. ಸರ್ಜನ್‌ಗಳು ತಮ್ಮ ಸೋಲುಗಳನ್ನೂ ಸೇರಿಸಿ ಲೆಕ್ಕ ಬರೆದಿಟ್ಟಿದ್ದರಿಂದ, ಅದನ್ನು ಬೇರೆಯವರು ಓದಿ ತಿದ್ದಿಕೊಂಡಿದ್ದರಿಂದ ಇದು ಸಾಧ್ಯವಾಯಿತು.

ಆದರೆ ಗಡ್ಡೆ ತೆಗೆದ ಮೇಲೂ ಕ್ಯಾನ್ಸರ್ ಮರಳಿ ಬರುತ್ತಿತ್ತು. ಇಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಆಗ ಸರ್ಜನ್ ಆಗಿದ್ದ ಜಾನ್ ನಿಯೋಪ್ಟೋಲೆಮಸ್ ಅವರ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಆಪರೇಷನ್ ಆದ ಮೇಲೆ ಕೀಮೋ, ಅಂದರೆ ಕ್ಯಾನ್ಸರ್ ಕೊಲ್ಲುವ ಔಷಧಿ, ಕೊಟ್ಟರೆ ಆಯಸ್ಸು ಹೆಚ್ಚುತ್ತದೆಯೇ? ಅವರ ಮುಂದಾಳತ್ವದ ತಂಡ 11 ದೇಶಗಳ 53 ಆಸ್ಪತ್ರೆಗಳಿಂದ 289 ರೋಗಿಗಳನ್ನು ಸೇರಿಸಿಕೊಂಡು ಇದನ್ನು ಪರೀಕ್ಷಿಸಿತು. ರೋಗಿಗಳನ್ನು ಸೇರಿಸಿಕೊಳ್ಳಲು ಶುರುವಾಗಿದ್ದು 1994ರಲ್ಲಿ. ಕೊನೆಯ ಫಲಿತಾಂಶ ಬಂದಿದ್ದು 2004ರಲ್ಲಿ. ಕೀಮೋ ಪಡೆದವರಲ್ಲಿ ನೂರಕ್ಕೆ 21 ಮಂದಿ ಐದು ವರ್ಷ ಬದುಕಿದ್ದರು, ಪಡೆಯದವರಲ್ಲಿ 8 ಮಂದಿ. ಕೀಮೋ ಜೊತೆ ರೇಡಿಯೇಷನ್ ಸೇರಿಸಿದ್ದರಿಂದ ಲಾಭ ಆಗಲಿಲ್ಲ ಅನ್ನುವುದೂ ಅದರಲ್ಲೇ ಗೊತ್ತಾಯಿತು. ಯಾವುದನ್ನು ಕೊಡಬೇಕು ಅನ್ನುವಷ್ಟೇ ಯಾವುದನ್ನು ಕೊಡಬಾರದು ಅನ್ನುವುದೂ ಮುಖ್ಯ ಅಲ್ವಾ? 21 ಅನ್ನುವುದು ಚಿಕ್ಕ ಸಂಖ್ಯೆಯೇ. ಆದರೆ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. 2018ರಲ್ಲಿ ಫ್ರಾನ್ಸ್ ಮತ್ತು ಕೆನಡಾದ ತಂಡ ಇನ್ನೊಂದು ಕೀಮೋ ಮಿಶ್ರಣದ ಫಲಿತಾಂಶ ಕೊಟ್ಟಿತು. ಹಳೆಯ ಔಷಧಿ ಪಡೆದ ಗುಂಪಿನಲ್ಲಿ ಅರ್ಧದಷ್ಟು ರೋಗಿಗಳು 35 ತಿಂಗಳು ದಾಟಿದ್ದರೆ, ಹೊಸ ಮಿಶ್ರಣದ ಗುಂಪಿನಲ್ಲಿ ಅದು 54 ತಿಂಗಳಾಯಿತು. ಹೆಚ್ಚಾದ ಆ ಒಂದೂವರೆ ವರ್ಷ ಒಂದು ಮನೆಗೆ ಏನು ಅನ್ನುವುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಪ್ರಶ್ನೆಗೆ ಹತ್ತು ವರ್ಷ. ಬೆಳಿಗ್ಗೆ ಆಪರೇಷನ್, ಸಂಜೆ ರೋಗಿಗಳ ದಾಖಲೆ, ಗಡ್ಡೆಯ ಸಣ್ಣ ಚೂರುಗಳ ಪರೀಕ್ಷೆ. ಇಷ್ಟು ಕಾಲ ಒಂದೇ ವಿಷಯಕ್ಕೆ ಅಂಟಿಕೊಳ್ಳಬೇಕಾದರೆ ಹೊಟ್ಟೆಪಾಡಿನ ಚಿಂತೆ ಇರಬಾರದು. ಎಂಬಿಬಿಎಸ್, ಆಮೇಲೆ ಸರ್ಜರಿಯ ಎಂಎಸ್, ಎಂಸಿಎಚ್ ಪದವಿ ಮುಗಿಸುವಷ್ಟರಲ್ಲಿ ಮೂವತ್ತು ದಾಟಿರುತ್ತದೆ. ತಲೆ ಮೇಲೆ ಸಾಲ, ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ. ಸಂಶೋಧನೆಯ ಆಸೆ ಇದ್ದವರೂ ಅಲ್ಲಿಂದ ಸೀದಾ ಖಾಸಗಿ ಆಸ್ಪತ್ರೆಗೆ ಹೋಗಿಬಿಡುತ್ತಾರೆ. ಅದು ಅವರ ತಪ್ಪಲ್ಲ.

ಲಿವರ್ ಕ್ಯಾನ್ಸರಿನಲ್ಲೂ ದಾರಿ ಸಿಕ್ಕಿದ್ದು ಇಂಥ ಸಂಶೋಧನೆಯಿಂದಲೇ. ಕ್ಯಾನ್ಸರ್ ರೋಗಿಗಳಿಗೆ ಲಿವರ್ ಕಸಿ ಮಾಡಿದರೂ ಕಾಯಿಲೆ ಮರಳುತ್ತಿದ್ದುದರಿಂದ ಸರ್ಜನ್‌ಗಳು ಅದನ್ನು ಹೆಚ್ಚುಕಡಿಮೆ ಕೈಬಿಟ್ಟಿದ್ದರು. ಇಟಲಿಯ ಮಿಲಾನ್ ನಗರದ ಸರ್ಜನ್ ವಿನ್ಸೆಂಜೊ ಮಝಫೆರೊ 1996ರಲ್ಲಿ 48 ರೋಗಿಗಳ ಲೆಕ್ಕ ಇಟ್ಟರು. ಗಡ್ಡೆ ಒಂದೇ ಇದ್ದು 5 ಸೆಂಟಿಮೀಟರ್ ಮೀರದಿದ್ದರೆ, ಅಥವಾ ಮೂರರವರೆಗೆ ಇದ್ದು ಪ್ರತಿಯೊಂದೂ 3 ಸೆಂಟಿಮೀಟರ್ ಒಳಗಿದ್ದರೆ ಕಸಿ ಮಾಡಬಹುದು ಅನ್ನುವ ಅಳತೆ ಅದರಿಂದ ಬಂತು. ನಾಲ್ಕು ವರ್ಷ ಬದುಕುವವರ ಪ್ರಮಾಣ ನೂರಕ್ಕೆ 75. ಇವತ್ತಿಗೂ ಜಗತ್ತಿನ ಕಸಿ ಕೇಂದ್ರಗಳಲ್ಲಿ ಮಾತು ಶುರುವಾಗುವುದು ಈ ಅಳತೆಯಿಂದಲೇ. ಇನ್ನು ಹೆಪಟೈಟಿಸ್ ಬಿ ಲಸಿಕೆ ಲಿವರ್ ಕ್ಯಾನ್ಸರನ್ನು ತಡೆಯುತ್ತದೆ. 1984ರಲ್ಲಿ ಮಕ್ಕಳಿಗೆ ಲಸಿಕೆ ಶುರುಮಾಡಿದ ತೈವಾನ್‌ನಲ್ಲಿ ಇದು ಸಾಬೀತಾಗಿದೆ. ನಮ್ಮಲ್ಲೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮಗು ಹುಟ್ಟಿದ 24 ಗಂಟೆಯೊಳಗೆ ಹಾಕಿಸಿ.

ಸಂಶೋಧನೆ ಅಂದರೆ ಮಲೆನಾಡಿಗೆ ಹೊಸದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪುಣೆಯ ವಿಜ್ಞಾನಿಗಳು ಇಲ್ಲಿಗೇ ಬಂದು ಮಂಗನ ಕಾಯಿಲೆಯ ವೈರಸ್ ಪತ್ತೆ ಮಾಡಿದರು. ಹೊರಗಿನವರು ನಮಗಾಗಿ ದುಡಿದ ನೆಲ ಇದು. ನಮ್ಮವರೊಬ್ಬರು ಈ ಕೆಲಸಕ್ಕೆ ಇಳಿಯಲಿ ಅನ್ನುವುದು ನಮ್ಮ ಆಸೆ.

ಒಟ್ಟು ಗುರಿ 40 ಲಕ್ಷ ರೂಪಾಯಿ. ತಿಂಗಳಿಗೆ 75,000ದಂತೆ ಮೂರು ವರ್ಷದ ವೇತನ 27 ಲಕ್ಷ. ಲ್ಯಾಬ್ ಖರ್ಚಿಗೆ 6 ಲಕ್ಷ. ಉಳಿದ 7 ಲಕ್ಷ ರೋಗಿಗಳ ಓಡಾಟಕ್ಕೆ. ಬಿಪಿಎಲ್ ಕುಟುಂಬಕ್ಕೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಮತ್ತೆ ಮತ್ತೆ ಹೋಗುವ ಖರ್ಚು, ಜೊತೆಗೆ ಹೋದವರ ಊಟ, ರೂಮು, ತಪ್ಪಿದ ಕೂಲಿ, ಇದನ್ನೆಲ್ಲ ಯಾರು ಕೊಡುತ್ತಾರೆ?

ಸರ್ಜನ್ ಆಯ್ಕೆಯಲ್ಲಿ ಟ್ರಸ್ಟಿಗಳು ಕೈ ಹಾಕುವುದಿಲ್ಲ. ಟ್ರಸ್ಟಿನ ಹೊರಗಿನ ಹಿರಿಯ ವೈದ್ಯರು ಆಯ್ಕೆ ಮಾಡುತ್ತಾರೆ. ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿ ಇರುವ ಮಾನ್ಯತೆ ಪಡೆದ ಸಂಸ್ಥೆಯಲ್ಲೇ ಕೆಲಸ ನಡೆಯಬೇಕು. ತಿಂಗಳಿಗೊಮ್ಮೆ ಮಲೆನಾಡಿನ ಒಂದು ತಾಲ್ಲೂಕಿಗೆ ಬಂದು ರೋಗಿಗಳನ್ನು ನೋಡಬೇಕು. ನಮ್ಮವರು ಕಾಮಾಲೆ ಶುರುವಾದ ಎಷ್ಟು ದಿನಕ್ಕೆ ಸ್ಕ್ಯಾನಿಂಗ್‌ಗೆ ಬರುತ್ತಿದ್ದಾರೆ, ತಡ ಆಗುವುದು ಎಲ್ಲಿ ಅನ್ನುವುದೇ ಅವರ ಮೊದಲ ಅಧ್ಯಯನ. ಮೂರು ವರ್ಷದಲ್ಲಿ ಕ್ಯಾನ್ಸರಿಗೆ ಮದ್ದು ಸಿಕ್ಕಿಬಿಡುತ್ತದೆ ಅಂತ ನಾವು ಮಾತು ಕೊಡುವುದಿಲ್ಲ. ಈ ತಡಕ್ಕೆ ಕಾರಣ ಗೊತ್ತಾದರೆ ಅದನ್ನು ಕಡಿಮೆ ಮಾಡುವ ದಾರಿಯಾದರೂ ಸಿಗುತ್ತದೆ.

ನೂರು ರೂಪಾಯಿ ಆದರೂ ಸರಿ, ಕೊಡಿ. ಅಡಿಕೆಗೆ ಎಲೆಚುಕ್ಕಿ ರೋಗ ಬಂದು ತೋಟದವರ ಕೈ ಕಟ್ಟಿದೆ ಅಂತ ನಮಗೂ ಗೊತ್ತು. ಕೊಯ್ಲು ಮುಗಿದು ಮಂಡಿಯಿಂದ ದುಡ್ಡು ಬಂದ ಮೇಲೆ ಕೊಡುತ್ತೇವೆ ಅಂದರೂ ಸಂತೋಷ, ಹೆಸರು ಬರೆಸಿ ಸಾಕು. ತಿಂಗಳಿಗೆ 500ರಂತೆ ಮೂರು ವರ್ಷ ಕೊಡುವವರು ಜಾಸ್ತಿ ಸಿಕ್ಕರೆ ವೇತನಕ್ಕೆ ಅಡ್ಡಿ ಬರುವುದಿಲ್ಲ. ಹಿರಿಯರ ನೆನಪಿಗೆ, ಮದುವೆ ವಾರ್ಷಿಕೋತ್ಸವಕ್ಕೆ ಕೊಡುವವರು ಆ ಹೆಸರನ್ನು ರಸೀದಿಯಲ್ಲೇ ಬರೆಸಬಹುದು. ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ (80ಜಿ) ಬೇಕಾದವರು 2,000ಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಡದೆ ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕಳಿಸಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಈ ರಿಯಾಯಿತಿ ಸಿಗುತ್ತದೆ. ಹಣಕ್ಕೆ ಬೇರೆಯದೇ ಖಾತೆ ತೆರೆದಿದ್ದೇವೆ. ಆರು ತಿಂಗಳಿಗೊಮ್ಮೆ ಲೆಕ್ಕವನ್ನು ತೀರ್ಥಹಳ್ಳಿಯ ನಮ್ಮ ಕಚೇರಿಯ ಬೋರ್ಡಿನಲ್ಲಿ ಹಾಕುತ್ತೇವೆ. ಯೋಗ್ಯ ಅಭ್ಯರ್ಥಿ ಸಿಗದೆ ಹೋದರೆ, ದಾನಿಗಳ ಸಭೆ ಕರೆದು ಒಪ್ಪಿಗೆ ಪಡೆದ ಮೇಲೆಯೇ ಆ ಹಣವನ್ನು ರೋಗಿಗಳ ನಿಧಿಗೆ ಸೇರಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಟ್ರಸ್ಟಿನ ಅಧ್ಯಕ್ಷರು ಮತ್ತು ಸದಸ್ಯರು, ತೀರ್ಥಹಳ್ಳಿ